ಸಭಾಕಂಪನಕ್ಕೆ ನಾಲ್ಕು ಭಾನುವಾರ: ಮಾಟುಂಗದ ಒಂದು ಶಿಬಿರದ ವಿಮರ್ಶೆ

ಮುಂಬಯಿಯ ಕನ್ನಡ ಸಮಾರಂಭಗಳಲ್ಲಿ ಹೆಚ್ಚು ನಡುಗುವವರು ಮುಖ್ಯ ಅತಿಥಿಗಳಲ್ಲ. ಸ್ವಾಗತ ಭಾಷಣದವರು, ಅತಿಥಿಗಳನ್ನು ಪರಿಚಯಿಸುವವರು, "ವಂದನಾರ್ಪಣೆ ನೀವೇ ಮಾಡಿಬಿಡಿ" ಎಂದು ಕೊನೇ ಗಳಿಗೆಯಲ್ಲಿ ಸಿಕ್ಕಿಬಿದ್ದವರು. ಕೆಲಸ ಎರಡು ನಿಮಿಷದ್ದು. ಆದರೆ ಆ ಎರಡು ನಿಮಿಷದಲ್ಲಿ ಹದಿನಾಲ್ಕು ಹೆಸರು ಬರಬೇಕು, ಒಂದು ತಪ್ಪಿದರೂ ಊಟದ ಸಾಲಿನಲ್ಲಿ ಯಾರಾದರೂ ನೆನಪಿಸಿಯೇ ನೆನಪಿಸುತ್ತಾರೆ. ಮನೆಯಲ್ಲಿ ತುಳು, ಆಫೀಸಿನಲ್ಲಿ ಹಿಂದಿ, ಸೊಸೈಟಿ ಮೀಟಿಂಗಿನಲ್ಲಿ ಮರಾಠಿ ಆಡುವವರು ವೇದಿಕೆ ಹತ್ತಿದ ಕೂಡಲೇ ಗ್ರಂಥಸ್ಥ ಕನ್ನಡಕ್ಕೆ ಏರಬೇಕೆಂದರೆ ನಾಲಿಗೆ ಒಣಗದೆ ಏನಾದೀತು?

ಇಂಥವರಿಗೆಂದೇ ಮಾಟುಂಗ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಾಲ್ಕು ಭಾನುವಾರಗಳ ಶಿಬಿರ ನಡೆಯುತ್ತದೆ. ಬೋರ್ಡಿಲ್ಲ, ಬಾಯಿಮಾತಿನಲ್ಲೇ ಜನ ಬರುತ್ತಾರೆ. ಹೆಸರು ಇಲ್ಲಿ ಬರೆಯುತ್ತಿಲ್ಲ, ಸುತ್ತಲಿನ ಕನ್ನಡದವರನ್ನು ವಿಚಾರಿಸಿದರೆ ಗೊತ್ತಾಗುತ್ತದೆ. ಮಧ್ಯಾಹ್ನ 2.30ರಿಂದ 5.30. ಹನ್ನೆರಡು ಜನಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಇದು ಒಳ್ಳೆಯ ನಿಯಮ. ಶುಲ್ಕ 3,200 ರೂಪಾಯಿ, ಕಾಫಿ ಬಿಸ್ಕತ್ತು ಸೇರಿ. ಕಲಿಸುವವರು ಇಬ್ಬರು. ಒಬ್ಬರು ಹವ್ಯಾಸಿ ನಾಟಕದಲ್ಲಿ, ಯಕ್ಷಗಾನದ ಮಾತಿನ ಪ್ರಕಾರವಾದ ತಾಳಮದ್ದಳೆಯಲ್ಲಿ ಪಳಗಿದವರು. ಇನ್ನೊಬ್ಬರು ಯೋಗ, ಧ್ಯಾನದ ಕಡೆಯವರು.

ಸೇರಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪುಟದ ಮಾಹಿತಿ ಬರುತ್ತದೆ. ಅದರ ಮೊದಲ ಸಾಲು, "ವರ್ತಮಾನದಲ್ಲಿ ನಿಲ್ಲಿ, ಭಯ ಓಡಿಹೋಗುತ್ತದೆ." ಮೊದಲರ್ಧಕ್ಕೆ ನಮ್ಮ ತಕರಾರಿಲ್ಲ. ಭಯ ಮಾತ್ರ ಎಲ್ಲಿಗೂ ಓಡುವುದಿಲ್ಲ, ಮುಂದಿನ ಸಾಲು ಬಿಟ್ಟುಕೊಟ್ಟು ಹಿಂದೆ ಹೋಗಿ ಕೂರುತ್ತದೆ, ಅಷ್ಟಾದರೆ ಭಾಷಣ ಮುಗಿಸಬಹುದು. ಇನ್ನು ಈ ವರ್ತಮಾನ ಅನ್ನುವುದು ಇರುವುದೆಲ್ಲಿ? ಇಬ್ಬರು ಶಿಕ್ಷಕರ ಉತ್ತರ ಬೇರೆ ಬೇರೆ. ನಾಟಕದವರಿಗೆ ಅದು ಎದುರು ಕುರ್ಚಿಯಲ್ಲಿ ಕೂತ ಮನುಷ್ಯ, ಕಾಲಡಿಯ ನೆಲ, ಕೈಯಲ್ಲಿರುವ ಮೈಕು. ಧ್ಯಾನದವರಿಗೆ ಎದೆಯೊಳಗಿನ ಬಡಿತ. ಶಿಬಿರದಲ್ಲಿ ಒಳ್ಳೆಯದಾದದ್ದು, ಕೆಟ್ಟದ್ದಾದದ್ದು ಎರಡೂ ಈ ವ್ಯತ್ಯಾಸದಿಂದಲೇ ಬಂದದ್ದು ಎಂದು ನಮ್ಮ ಎಣಿಕೆ.

ಮೊದಲ ಭಾನುವಾರ ಪೂರ್ತಿ ಕಾಲಿನದು. ಚಪ್ಪಲಿ ಬಿಟ್ಟು, ಪಾದಗಳ ನಡುವೆ ಒಂದು ಗೇಣು ಅಂತರವಿಟ್ಟು ನಿಲ್ಲಬೇಕು. ಮೂವತ್ತು ಸೆಕೆಂಡು ಅಂಗಾಲಿಗೆ ತಾಗುತ್ತಿರುವುದನ್ನು ಮಾತ್ರ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು: ಟೈಲ್ಸ್ ತಣ್ಣಗಿದೆ, ಎಡಗಾಲಿನ ಮೇಲೆ ಭಾರ ಜಾಸ್ತಿ, ಹೆಬ್ಬೆರಳು ನೆಲಕ್ಕೆ ಒತ್ತಿದೆ. "ನಾನು ಧೈರ್ಯವಂತ" ಎಂಬಂಥ ಮಾತಿಗೆ ಅಲ್ಲಿ ಅವಕಾಶವಿಲ್ಲ, ಮುಟ್ಟಿದರೆ ಸಿಗುವಂಥದ್ದನ್ನೇ ಹೇಳಬೇಕು. ಎರಡನೇ ಸುತ್ತಿಗೆ ಚಪ್ಪಲಿ ಹಾಕಿಕೊಂಡು, ಮೂರನೆಯದಕ್ಕೆ ಮಾತಾಡುತ್ತಾ ಇದನ್ನೇ ಮಾಡಿಸುತ್ತಾರೆ. ಸುಲಭವಾಗಿ ಕಾಣುತ್ತದೆ. ಹನ್ನೆರಡರಲ್ಲಿ ಅರ್ಧ ಜನ ಮಂಡಿಯನ್ನು ಕೋಲಿನ ಹಾಗೆ ಹಿಂದಕ್ಕೆ ಬಿಗಿದು ನಿಂತಿರುತ್ತಾರೆ. ಶಿಕ್ಷಕರು ಪ್ರತಿಯೊಬ್ಬರ ಹಿಂದೆ ಹೋಗಿ ಇದನ್ನು ಸರಿಮಾಡುತ್ತಾರೆ, ಸರಿಮಾಡಲೇಬೇಕು. ಮಂಡಿ ಬಿಗಿದಾಗ ಮೀನಖಂಡ ಕೆಲಸ ನಿಲ್ಲಿಸುತ್ತದೆ, ರಕ್ತ ಕಾಲಿನಲ್ಲೇ ಉಳಿಯುತ್ತದೆ, ತಲೆಗೆ ಹೋಗುವುದು ಕಡಿಮೆಯಾಗುತ್ತದೆ. ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ಕಣ್ಣು ಕತ್ತಲೆ ಬಂದು ಬೀಳುವುದಕ್ಕೆ ಇದೂ ಒಂದು ಕಾರಣ. ಮಂಡಿಯನ್ನು ಒಂದು ಕೂದಲೆಳೆಯಷ್ಟು ಸಡಿಲ ಬಿಟ್ಟರೆ ಸಾಕು.

ಮೈಯಲ್ಲಿ ಏನಾಗುತ್ತದೆ ಎಂಬ ವಿವರಣೆಯೂ ಅಂದೇ ಇತ್ತು, ಚುಟುಕಾಗಿ, ಸರಿಯಾಗಿ. ಅಡ್ರಿನಲಿನ್ ರಕ್ತಕ್ಕಿಳಿದಾಗ ಎದೆ ಡವಗುಟ್ಟುತ್ತದೆ. ಚರ್ಮಕ್ಕೂ ಹೊಟ್ಟೆಗೂ ಹೋಗುವ ರಕ್ತ ಕಡಿಮೆಯಾಗಿ ತೊಡೆ, ತೋಳುಗಳ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ. ಅದಕ್ಕೇ ಬೆರಳು ತಣ್ಣಗಾಗುವುದು, ಹೊಟ್ಟೆ ತೊಳಸುವುದು. ಜೊಲ್ಲು ಕಡಿಮೆಯಾಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಹುಲಿ ಬಂದರೆ ಓಡುವುದಕ್ಕೆ ಇದು ಬಹಳ ಒಳ್ಳೆಯ ಏರ್ಪಾಡು, ಅಧ್ಯಕ್ಷರ ಹೆಸರು ಓದುವುದಕ್ಕಲ್ಲ. ಅದರ ಜೊತೆ ಜಗಳಕ್ಕೆ ನಿಲ್ಲದಿದ್ದರೆ ಈ ಅಲೆ ಸಾಮಾನ್ಯವಾಗಿ ಮೊದಲ ಕೆಲವು ನಿಮಿಷಗಳಲ್ಲೇ ಇಳಿಯಲು ಶುರುವಾಗುತ್ತದೆ. ಹಾಗಾಗಿ ಭಾಷಣದ ಮೊದಲ ತೊಂಬತ್ತು ಸೆಕೆಂಡಿಗೆ ಅತಿ ಸುಲಭದ ಮಾತನ್ನೇ ಇಟ್ಟುಕೊಳ್ಳಿ ಎನ್ನುತ್ತಾರೆ. ಇಡೀ ಭಾಷಣದಲ್ಲಿ ಬಾಯಿಪಾಠ ಮಾಡಬೇಕಾದ್ದು ಮೊದಲ ಎರಡು ವಾಕ್ಯ ಮಾತ್ರ. ಶ್ಲೋಕ, ವಚನ, ಕಷ್ಟದ ಬಿರುದುಗಳಿಂದ ಆರಂಭಿಸಿದವರು ಅಲ್ಲೇ ಎಡವುತ್ತಾರೆ, ಏಕೆಂದರೆ ಅಲೆ ಅತಿ ಎತ್ತರದಲ್ಲಿರುವುದು ಆಗಲೇ.

ಉಸಿರಿನ ಪಾಠದಲ್ಲಿ ಒಂದು ಕೊರತೆ ಕಂಡಿತು. "ದೀರ್ಘವಾಗಿ ಉಸಿರೆಳೆದುಕೊಳ್ಳಿ" ಎಂದು ಧ್ಯಾನದ ಶಿಕ್ಷಕರು ನಾಲ್ಕೈದು ಸಲ ಹೇಳಿದರು, ಬಿಡುವುದರ ಬಗ್ಗೆ ಒತ್ತು ಸಾಲದು. ಹೆದರಿದವರಿಗೆ ಎಳೆಯಲು ಹೇಳಿದರೆ ಗಬಗಬನೆ ಎಳೆಯುತ್ತಾರೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತುಟಿ, ಬೆರಳತುದಿ ಜುಮುಗುಟ್ಟುತ್ತದೆ, ತಲೆ ಹಗುರಾಗುತ್ತದೆ, "ಅಯ್ಯೋ ಇನ್ನೇನೋ ಆಗ್ತಿದೆ" ಎಂದು ಹೆದರಿಕೆ ಇಮ್ಮಡಿಯಾಗುತ್ತದೆ. ಔಷಧಿ ಇರುವುದು ಬಿಡುವುದರಲ್ಲಿ. ಮೂಗಿನಿಂದ ಒಂದು ಉಸಿರು, ಅದರ ಮೇಲೆ ಇನ್ನೊಂದು ಚಿಕ್ಕ ಗುಟುಕು, ಆಮೇಲೆ ಬಾಯಿಯಿಂದ ನಿಧಾನವಾಗಿ, ಬಿಸಿ ಗಂಜಿ ಆರಿಸುವಂತೆ, ಪೂರ್ತಿ ಖಾಲಿಯಾಗುವವರೆಗೆ ಬಿಡುವುದು. ವೇದಿಕೆಗೆ ಕರೆಯುವ ಮುಂಚೆ ಮೂರು ಸಲ ಸಾಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಬಗೆಯ ಉಸಿರನ್ನು ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಮಾಡಿದವರ ಮನಸ್ಸಿನ ಸ್ಥಿತಿ, ಅಷ್ಟೇ ಹೊತ್ತು ಸುಮ್ಮನೆ ಧ್ಯಾನಕ್ಕೆ ಕೂತವರದಕ್ಕಿಂತ ಹೆಚ್ಚು ಸುಧಾರಿಸಿತ್ತು. ಇಷ್ಟೆಲ್ಲ ಬೇಡವೆಂದರೆ ನಾಲ್ಕು ಎಣಿಸಿ ಎಳೆದು ಆರು ಎಣಿಸಿ ಬಿಡಿ. ಆರಕ್ಕೆ ಸಾಲದಿದ್ದರೆ ಮೂರಕ್ಕೆ ಐದು.

ನಾಲ್ಕು ಗಂಟೆಯ ಬಿಡುವಿನಲ್ಲಿ ಸ್ಟೀಲ್ ಲೋಟ ತುಂಬ ಗಟ್ಟಿ ಫಿಲ್ಟರ್ ಕಾಫಿ. ಮಾಟುಂಗದಲ್ಲಿ ಕಾಫಿ ಬೇಡ ಅನ್ನುವುದು ಅಪಚಾರವೇ ಸರಿ. ಆದರೂ ಕೈನಡುಕ ಕಡಿಮೆ ಮಾಡುವ ಶಿಬಿರದಲ್ಲಿ ಇದನ್ನು ಕೊಟ್ಟು, ಹತ್ತೇ ನಿಮಿಷಕ್ಕೆ ಮೈಕಿನ ಎದುರು ನಿಲ್ಲಿಸುವುದು ಯಾವ ನ್ಯಾಯ? ಕೆಫೀನಿನ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳರ ಕಾರ್ಯಕ್ರಮವಿದ್ದರೆ ಮಧ್ಯಾಹ್ನದ ಊಟದ ನಂತರ ಕಾಫಿ ಮುಟ್ಟಬೇಡಿ. ಮುಗಿಸಿಕೊಂಡು ಕೆಫೆ ಮದ್ರಾಸಿಗೋ ರಾಮ ಆಶ್ರಯಕ್ಕೋ ಹೋದರೆ ಯಾರೂ ಬೇಡ ಅನ್ನುವುದಿಲ್ಲ.

ಮೊದಲ ವಾರದ ಮನೆಗೆಲಸ ನಮಗೆ ಬಹಳ ಹಿಡಿಸಿತು, ಅದು ಈ ಊರಿನವರೇ ಯೋಚಿಸಬಹುದಾದ ಅಭ್ಯಾಸ. ಲೋಕಲ್ ರೈಲಿನಲ್ಲಿ ಎರಡು ಸ್ಟೇಷನ್ನುಗಳ ನಡುವೆ ಮೊಬೈಲು ಮುಟ್ಟಬಾರದು. ಸಯನ್‌ನಿಂದ ಕುರ್ಲಾದವರೆಗೆ ಹಿಡಿಕೆಗಳ ಕಟಕಟ ಒಂದನ್ನೇ ಕೇಳಬೇಕು. ಕುರ್ಲಾದಿಂದ ವಿದ್ಯಾವಿಹಾರದವರೆಗೆ ಫ್ಯಾನಿನ ಸದ್ದಿಗೆ ಹಾರಬೇಕು. ಅಲ್ಲಿಂದ ಘಾಟ್‌ಕೋಪರ್‌ವರೆಗೆ ಎಲ್ಲವನ್ನೂ ಒಟ್ಟಿಗೆ: ಹಿಡಿಕೆ, ಫ್ಯಾನು, ಪಕ್ಕದವರ ಫೋನ್ ಜಗಳ, "ಪುಢೀಲ್ ಸ್ಟೇಷನ್" ಘೋಷಣೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಏಡ್ರಿಯನ್ ವೆಲ್ಸ್ ರೂಪಿಸಿದ ಗಮನ ತರಬೇತಿಯೂ ಹೆಚ್ಚುಕಡಿಮೆ ಹೀಗೆಯೇ ಇದೆ: ಸದ್ದೊಂದನ್ನು ಆರಿಸುವುದು, ಬದಲಿಸುವುದು, ಹರಡುವುದು. ಗಮನವನ್ನು ಬೇಕೆಂದಾಗ ಎತ್ತಿ ಇನ್ನೊಂದೆಡೆ ಇಡುವ ಅಭ್ಯಾಸವಿಲ್ಲದವರಿಗೆ ವೇದಿಕೆ ಮೇಲೆ "ವರ್ತಮಾನಕ್ಕೆ ಬಾ" ಎಂದು ಹೇಳಿಕೊಂಡರೆ ಅದು ಬರುವುದಿಲ್ಲ. ದಿನಾ ಹತ್ತು ನಿಮಿಷದಂತೆ ಎರಡು ವಾರ ಮಾಡಿದರೆ ಬರತೊಡಗುತ್ತದೆ. ರೈಲು ಹತ್ತದವರು ಬಾಲ್ಕನಿಯಲ್ಲಿ ನಿಂತು ಮಾಡಬಹುದು, ಮುಂಬಯಿಯಲ್ಲಿ ಸದ್ದಿಗೇನು ಬರ?

ಎರಡನೇ ಭಾನುವಾರ ಇಪ್ಪತ್ತು ನಿಮಿಷ ಕಣ್ಣುಮುಚ್ಚಿ ಕೂರಿಸಿದರು. ಎದೆಬಡಿತವನ್ನು ಗಮನಿಸಿ, ಭಯ ದೇಹದ ಯಾವ ಭಾಗದಲ್ಲಿದೆ ನೋಡಿ, ಅದರೊಂದಿಗೆ ಇರಿ ಎಂಬ ಸೂಚನೆ. ಇಡೀ ಶಿಬಿರದಲ್ಲಿ ನಮಗೆ ಒಪ್ಪಿಗೆಯಾಗದ ಭಾಗ ಇದೇ. ಸಭಾಕಂಪನ ಇರುವವರ ತೊಂದರೆಯೇ ತಮ್ಮನ್ನು ತಾವು ಒಳಗಿನಿಂದ ಕಾವಲು ಕಾಯುವುದು. 1995ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಮತ್ತು ಇದೇ ವೆಲ್ಸ್ ಮಂಡಿಸಿದ ವಿವರಣೆಯ ತಿರುಳೂ ಅದೇ: ಜನರ ಎದುರು ಹೆದರುವವರ ಗಮನ ಒಳಕ್ಕೆ ತಿರುಗುತ್ತದೆ. ಒಳಗಿನ ಬಿಸಿ, ನಡುಕ, ಬೆವರನ್ನೇ ಆಧಾರ ಮಾಡಿಕೊಂಡು ತಾವು ಹೊರಗೆ ಹೇಗೆ ಕಾಣುತ್ತಿದ್ದೇವೆ ಎಂಬ ಚಿತ್ರ ಬರೆದುಕೊಳ್ಳುತ್ತಾರೆ. ಎದುರಿನವರು ನಿಜಕ್ಕೂ ಏನು ಮಾಡುತ್ತಿದ್ದಾರೆಂದು ನೋಡುವುದನ್ನೇ ಬಿಡುತ್ತಾರೆ. ಅಂಥವರಿಗೆ ಆರಂಭದಲ್ಲೇ ಎದೆಬಡಿತ ಕೇಳಲು ಹೇಳಿದರೆ ಬಡಿತ ದೊಡ್ಡದಾಗಿಯೇ ಕೇಳುತ್ತದೆ. ಅಂದು ಇಬ್ಬರು ನಡುವೆ ಕಣ್ಣು ತೆರೆದು ನೀರಿಗೆ ಎದ್ದುಹೋದರು.

ಧ್ಯಾನಕ್ಕೆ ಬೆಲೆ ಇಲ್ಲ ಎಂದು ಇದರ ಅರ್ಥವಲ್ಲ. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಆರಂಭಿಸಿದ ಧ್ಯಾನಕ್ರಮಕ್ಕೆ ಎಂಟು ವಾರ, ದಿನವೂ ಮನೆಯಲ್ಲಿ ಅಭ್ಯಾಸ. ಇಗತ್ಪುರಿಯ ವಿಪಶ್ಯನ ಶಿಬಿರಕ್ಕೆ ಹತ್ತು ದಿನ ಮೌನ. ಅಲ್ಲಿ ಸಮಯವಿದೆ, ಕ್ರಮವಿದೆ, ಕಷ್ಟವಾದರೆ ಕೇಳುವವರಿದ್ದಾರೆ. ಹಾಗೆ ಸಾವಕಾಶವಾಗಿ ಮಾಗಬೇಕಾದ್ದನ್ನು ಇಪ್ಪತ್ತು ನಿಮಿಷಕ್ಕೆ ಹಿಂಡಿ, ಮುಂದಿನ ತಿಂಗಳ ರಾಜ್ಯೋತ್ಸವದಲ್ಲಿ ಮಾತಾಡಬೇಕಾದವರಿಗೆ ಕುಡಿಸಿದರೆ ಉಪಯೋಗವಿಲ್ಲ. ಇಡಲೇಬೇಕೆಂದಿದ್ದರೆ ಕಣ್ಣು ತೆರೆದು, ಐದೇ ನಿಮಿಷ, ಕೋಣೆಯ ಸದ್ದುಗಳ ಮೇಲೆ ಗಮನವಿಟ್ಟು ಮಾಡಿಸಲಿ. ಮೊದಲ ವಾರದ ರೈಲಿನ ಪಾಠಕ್ಕೂ ಅದು ಹೊಂದುತ್ತದೆ.

ಬಿಡುವಿನ ನಂತರ ನಾಟಕದವರ ಸರದಿ ಬಂದು ದಿನ ಉಳಿಯಿತು. ಮೂರು ಮುಖದ ಅಭ್ಯಾಸ ಎನ್ನುತ್ತಾರೆ. ಎಡಕ್ಕೊಬ್ಬರು, ನಡುವೆ ಒಬ್ಬರು, ಬಲಕ್ಕೊಬ್ಬರು. ಒಂದು ವಾಕ್ಯ ಪೂರ್ತಿ ಒಬ್ಬರಿಗೇ. ವಾಕ್ಯ ಮುಗಿದ ಮೇಲೆಯೇ ಕಣ್ಣು ಸರಿಯಬೇಕು, ಕಾಮಾದಲ್ಲಿ ಸರಿಯುವ ಹಾಗಿಲ್ಲ. ಬಾಯಿ ತೆರೆಯುವ ಮುಂಚೆ ನಡುವಿನವರ ಬಗ್ಗೆ ಒಂದು ಸಂಗತಿ ಗಮನಿಸಿರಬೇಕು, ಅಭ್ಯಾಸ ಮುಗಿದ ಮೇಲೆ ಅದನ್ನು ಹೇಳಬೇಕು: ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದೆ, ಶರ್ಟಿನ ಎರಡನೇ ಗುಂಡಿ ಬೇರೆ ಬಣ್ಣದ್ದು. ಹೇಳಲಾಗದಿದ್ದರೆ ಮತ್ತೆ ಮೊದಲಿನಿಂದ. ನೋಡಿದಂತೆ ನಟಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. "ತಲೆಗಳ ಮೇಲೆ, ಹಿಂದಿನ ಗೋಡೆ ನೋಡಿ ಮಾತಾಡಿ" ಎಂಬ ಹಳೆಯ ಸಲಹೆಯನ್ನು ಇವರು ಬಿಡಿಸುತ್ತಾರೆ, ಅದು ಸರಿಯೇ. ಗೋಡೆ ರೆಪ್ಪೆ ಬಡಿಯುವುದಿಲ್ಲ, ತಲೆ ಆಡಿಸುವುದಿಲ್ಲ. ಉತ್ತರ ಬಾರದ ಕಡೆ ನೋಡುತ್ತಿದ್ದರೆ ಮನಸ್ಸು ತಾನೇ ಉತ್ತರ ಕಟ್ಟಿಕೊಳ್ಳುತ್ತದೆ, ಆ ಉತ್ತರ ಎಂದೂ ಒಳ್ಳೆಯದಿರುವುದಿಲ್ಲ. ಒಂದು ಎಚ್ಚರಿಕೆ: ಸುಮ್ಮನೆ ಕೇಳಿಸಿಕೊಳ್ಳುವವರ ಮುಖ ಸಿಡುಕು ಮುಖದಂತೆಯೇ ಇರುತ್ತದೆ. ಮೊದಲ ಸುತ್ತಿಗೆ ತಲೆಯಾಡಿಸುವವರನ್ನೇ ಆರಿಸಿಕೊಳ್ಳಿ.

ದೀಪದ ಸಮಸ್ಯೆಯನ್ನು ಶಿಬಿರ ಮುಟ್ಟುವುದಿಲ್ಲ. ದೊಡ್ಡ ಸಭಾಂಗಣಗಳಲ್ಲಿ ವೇದಿಕೆ ದೀಪ ಕಣ್ಣಿಗೆ ಬಡಿದರೆ ಎರಡನೇ ಸಾಲಿನಾಚೆ ಕಪ್ಪು ಕತ್ತಲೆ, ಮೂರು ಮುಖ ಎಲ್ಲಿಂದ ತರುವುದು? ಮೊದಲ ಸಾಲಿನ ಎರಡು ತುದಿ, ನಡುದಾರಿಯ ಅಂಚು, ಹಿಂಬಾಗಿಲ ಮೇಲಿನ ಹಸಿರು ದೀಪ, ಈ ನಾಲ್ಕರಲ್ಲಿ ಮೂರನ್ನು ಮೊದಲೇ ಗುರುತಿಸಿಟ್ಟುಕೊಳ್ಳಬೇಕು. ಅದಕ್ಕೆ ಜನ ಬರುವ ಮುಂಚೆ ವೇದಿಕೆ ಹತ್ತಿ ನಿಂತು ನೋಡಬೇಕು.

ಮೂರನೇ ಭಾನುವಾರಕ್ಕಾಗಿಯೇ ಈ ಶಿಬಿರಕ್ಕೆ ಹೋಗಬಹುದು. ತಾಳಮದ್ದಳೆಯಲ್ಲಿ ಅರ್ಥಧಾರಿಗೆ, ಅಂದರೆ ಪಾತ್ರವಾಗಿ ಮಾತಾಡುವವರಿಗೆ, ವೇಷವಿಲ್ಲ, ಕುಣಿತವಿಲ್ಲ, ಬರೆದ ಮಾತೂ ಇಲ್ಲ. ಭಾಗವತರು ಹಾಡಿದ ಪದ್ಯವನ್ನು ಹಿಡಿದು, ಎದುರಾಳಿ ಈಗಷ್ಟೇ ಆಡಿದ ಮಾತಿಗೆ ಉತ್ತರ ಕಟ್ಟಬೇಕು. ಎದುರಿನವರ ಮಾತು ಕೇಳದೆ ತನ್ನ ಮುಂದಿನ ಮಾತನ್ನೇ ಮನಸ್ಸಿನಲ್ಲಿ ಉರುಹೊಡೆಯುತ್ತ ಕೂತವರು ಎರಡನೇ ಸುತ್ತಿಗೆ ಬಿದ್ದೇ ಬೀಳುತ್ತಾರೆ. ಇದನ್ನೇ ಅಭ್ಯಾಸವಾಗಿ ಮಾಡಿದ್ದಾರೆ. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಮೂರು ವಾಕ್ಯ ಹೇಳುತ್ತಾರೆ. ಇನ್ನೊಬ್ಬರು ಅವರ ಕೊನೆಯ ಪದದಿಂದಲೇ ತಮ್ಮ ಮೊದಲ ವಾಕ್ಯ ಎತ್ತಬೇಕು. ವಿಷಯ ಏನಾದರೂ ಆಗಲಿ, ಮಳೆ, ಬಾಡಿಗೆ, ಪತ್ರೊಡೆ. ಐದು ನಿಮಿಷಕ್ಕೆ ಇಡೀ ಕೋಣೆ ಗಲಗಲ ಅನ್ನುತ್ತಿರುತ್ತದೆ, ಒಂದು ಗಂಟೆ ಮುಂಚೆ ಹೆಸರು ಹೇಳಲು ತಡವರಿಸಿದವರೂ ಸೇರಿ. ಕೊನೆಯ ಪದ ಹಿಡಿಯುವ ಕೆಲಸದಲ್ಲಿ ತನ್ನನ್ನು ನೋಡಿಕೊಳ್ಳಲು ಮನಸ್ಸಿಗೆ ಪುರಸೊತ್ತೇ ಸಿಗುವುದಿಲ್ಲ.

ಇದೇ ಉಪಾಯವನ್ನು ಮುಂದೆ ಮಾತು ಮರೆತುಹೋಗುವುದಕ್ಕೆ ಹಚ್ಚುತ್ತಾರೆ. ವಂದನಾರ್ಪಣೆಯ ಅಭ್ಯಾಸದಲ್ಲಿ ಒಬ್ಬರು "ನಮ್ಮ ಮಹಿಳಾ ವಿಭಾಗದ ಸಹಕಾರ..." ಎಂದವರು ನಿಂತೇಬಿಟ್ಟರು. ಕಣ್ಣು ಮೇಲಕ್ಕೆ, ಕತ್ತು ಕೆಂಪು.

"ಅಕ್ಕ, ಕೊನೇ ಪದ ಯಾವುದು?" ಎಂದರು ಶಿಕ್ಷಕರು, ಕೂತಲ್ಲಿಂದಲೇ.

"ಸಹಕಾರ."

"ಯಾರದು?"

"ಮಹಿಳಾ ವಿಭಾಗದ್ದು."

"ಏನು ಮಾಡಿದ್ರು ಅವರು?"

"ಅಡುಗೆ... ಅಲ್ಲ, ರಂಗೋಲಿ. ಬೆಳಿಗ್ಗೆ ಆರಕ್ಕೇ ಬಂದು ರಂಗೋಲಿ ಹಾಕಿದ್ರು."

"ಅದನ್ನೇ ಹೇಳಿ."

ಹೇಳಿದರು. ಚೀಟಿಯಲ್ಲಿ ಬರೆದುಕೊಂಡಿದ್ದ "ಅಮೂಲ್ಯ ಸಹಕಾರ"ಕ್ಕಿಂತ ಆರು ಗಂಟೆಯ ರಂಗೋಲಿ ಎಷ್ಟೋ ಮೇಲಾಗಿತ್ತು. ಮಾತು ನಿಂತ ಕ್ಷಣದಲ್ಲಿ ಮನಸ್ಸು ಎರಡು ಕಡೆ ಓಡುತ್ತದೆ, ಏನು ಬಿಟ್ಟುಹೋಯಿತು ಎಂದು ಹಿಂದಕ್ಕೆ, ಜನ ಏನಂದುಕೊಂಡಾರು ಎಂದು ಮುಂದಕ್ಕೆ. ಆಡಿದ ಕೊನೆಯ ಪದ ಮಾತ್ರ ಇನ್ನೂ ಕಿವಿಯಲ್ಲೇ ಇರುತ್ತದೆ, ಅದನ್ನು ಹಿಡಿದರೆ ಸಾಕು. ನಿಲ್ಲಬಹುದಾದ ಸಮಯವನ್ನೂ ಸ್ಟಾಪ್‌ವಾಚ್ ಹಿಡಿದು ತೋರಿಸಿದರು. ಸುಮ್ಮನೆ ನಿಂತ ಮೂರು ಸೆಕೆಂಡು ನಿಂತವರಿಗೆ ಹತ್ತು ಸೆಕೆಂಡಿನಂತೆ ಅನಿಸುತ್ತದೆ, ಕೂತವರಿಗೆ ಗೊತ್ತೇ ಆಗುವುದಿಲ್ಲ. ಅಷ್ಟರಲ್ಲಿ ಒಂದು ಗುಟುಕು ನೀರು ಕುಡಿಯಬಹುದು. ನೀರು ತಣ್ಣಗಿರಬಾರದು, ಬಾಟಲಿಯ ಮುಚ್ಚಳ ಮೊದಲೇ ಸಡಿಲ ಮಾಡಿರಬೇಕು. ನಡುಗುವ ಬೆರಳಿಗೆ ಹೊಸ ಬಿಸ್ಲೇರಿ ಸೀಲು ಒಡೆಯುವುದಿಲ್ಲ.

ಚೀಟಿಯ ವಿಷಯ. ಎ4 ಹಾಳೆ ಹಿಡಿಯಬೇಡಿ, ಬೆರಳಿನ ಸಣ್ಣ ನಡುಕವನ್ನು ಹಾಳೆಯ ತುದಿ ಹತ್ತು ಪಟ್ಟು ಮಾಡಿ ಕೊನೆಯ ಸಾಲಿನವರಿಗೂ ತೋರಿಸುತ್ತದೆ. ಹಳೆಯ ಮದುವೆ ಆಮಂತ್ರಣದ ದಪ್ಪ ಕಾಗದ ಅಂಗೈಯಗಲ ಕತ್ತರಿಸಿಕೊಳ್ಳಿ, ಒಂದೊಂದರ ಮೇಲೆ ಐದು ಪದ ಮಾತ್ರ. ಮೂಲೆಯಲ್ಲಿ ಅಂಕಿ ಹಾಕಿ, ಕೆಳಗೆ ಬಿದ್ದರೆ ಜೋಡಿಸಲು. ಸ್ವಾಗತದವರಿಗೆ ಹೆಸರು ಪೂರ್ತಿ ಬೇಕೇಬೇಕು, ಆಗ ಹಾಳೆಯನ್ನು ರಟ್ಟಿಗೆ ಅಂಟಿಸಿ, ದೊಡ್ಡ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು, ಹಾಳೆಯ ಮೇಲಿನ ಮುಕ್ಕಾಲು ಭಾಗದಲ್ಲಷ್ಟೇ ಬರೆಯಿರಿ. ಕೆಳಗಿನವರೆಗೂ ಬರೆದರೆ ಗದ್ದ ಎದೆಗೆ ತಾಗಿ ದನಿ ಕಟ್ಟಿಕೊಳ್ಳುತ್ತದೆ. ಇನ್ನು ಲಿಪಿ: ಇಲ್ಲೇ ಹುಟ್ಟಿ ಬೆಳೆದವರು ಕನ್ನಡವನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದುಕೊಂಡರೆ ಈ ಶಿಬಿರದಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ನಮಗೂ ಅದು ಸರಿ ಅನಿಸುತ್ತದೆ. ಗಾಬರಿಯಲ್ಲಿ ಕಣ್ಣು ಯಾವ ಲಿಪಿಯಲ್ಲಿ ವೇಗವಾಗಿ ಓಡುತ್ತದೋ ಅದೇ ನಿಮ್ಮ ವೇದಿಕೆಯ ಲಿಪಿ. ಒಂದೇ ತೊಡಕು: ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಲಕಾರ, ಳಕಾರ ಒಂದೇ ಆಗುತ್ತವೆ. ಳ ಬರುವಲ್ಲೆಲ್ಲ ಕೆಂಪು ಗೆರೆ ಎಳೆದುಕೊಳ್ಳಿ.

ಮೈಕಿಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಎರಡು ಗಂಟೆ ಕೊಡಬೇಕಿತ್ತು, ಏಕೆಂದರೆ ಗಾಬರಿ ಮರುಕಳಿಸುವುದು ಬಹಳ ಸಲ ಮೈಕಿನಿಂದಲೇ. ಕಾರ್ಡ್‌ಲೆಸ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ, ಗದ್ದಕ್ಕಿಂತ ತುಸು ಕೆಳಗೆ ಹಿಡಿಯಿರಿ. ಮೊಣಕೈ ಪಕ್ಕೆಗೆ ತಾಗಿರಲಿ, ಆಗ ತೋಳು ನಡುಗಿದರೂ ಮೈಕು ನಡುಗುವುದಿಲ್ಲ. ಜಾಲರಿಯ ಗುಂಡನ್ನು ಮುಷ್ಟಿಯಲ್ಲಿ ಮುಚ್ಚಬೇಡಿ: ವೇದಿಕೆಯ ಮೈಕುಗಳು ಎದುರಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವಂತೆ ಮಾಡಿದವು, ಆ ವ್ಯವಸ್ಥೆ ಕೆಲಸ ಮಾಡುವುದು ಜಾಲರಿಯ ಹಿಂಬದಿಯ ಕಿಂಡಿಗಳಿಂದ. ಅವು ಮುಚ್ಚಿದರೆ ಸುತ್ತಲಿನ ಸದ್ದೆಲ್ಲ ಒಳನುಗ್ಗಿ ಸ್ಪೀಕರು ಕೀ... ಎಂದು ಕಿರುಚುತ್ತದೆ. ಕಿರುಚಿದಾಗ ಜನ ಮೈಕಿಗೆ ಅಡ್ಡ ಕೈ ಇಡುತ್ತಾರೆ, ಇನ್ನೂ ಜೋರಾಗುತ್ತದೆ. ಸ್ಪೀಕರಿನ ಎದುರಿನಿಂದ ಒಂದು ಹೆಜ್ಜೆ ಹಿಂದೆ ಸರಿಯುವುದು ಸರಿಯಾದ ಕ್ರಮ.

ಹೇಳದೇ ಬಿಟ್ಟ ಮುಖ್ಯ ಸಂಗತಿ ಪ್ರತಿಧ್ವನಿ. ಸಣ್ಣ ಕೋಣೆಯಲ್ಲಿ ಕಲಿತವರು ದೊಡ್ಡ ಹಾಲಿಗೆ ಹೋದಾಗ ತಮ್ಮದೇ ಮಾತು ತಡವಾಗಿ ತಿರುಗಿ ಬರುವುದನ್ನು ಕೇಳಿ ಬೆಚ್ಚುತ್ತಾರೆ. ಹಿಂದಿನ ಗೋಡೆ 17 ಮೀಟರ್ ದೂರವಿದ್ದರೆ ದನಿ ಹೋಗಿ ಬರಲು ಸುಮಾರು 0.1 ಸೆಕೆಂಡು. ತಡವಾಗಿ ಬಂದ ಸ್ವಂತ ದನಿಯನ್ನು ಕೇಳುತ್ತ ಮಾತಾಡಿದರೆ ಯಾರ ನಾಲಿಗೆಯಾದರೂ ತೊಡರುತ್ತದೆ, ಅದು ಅಂಜಿಕೆಯಲ್ಲ, ಕಿವಿಯ ಸ್ವಭಾವ. ದನಿಯನ್ನು ಬಿಟ್ಟು ಎದುರಿನವರ ಮುಖಕ್ಕೆ ಗಮನ ಕೊಟ್ಟು, ವಾಕ್ಯ ಚಿಕ್ಕದು ಮಾಡಿ, ವಾಕ್ಯದ ಕೊನೆಗೆ ಒಂದು ಕ್ಷಣ ನಿಂತರೆ ಪ್ರತಿಧ್ವನಿ ಆರಿದ ಮೇಲೆ ಮುಂದಿನ ಮಾತು ಬೀಳುತ್ತದೆ.

ನಾಲ್ಕನೇ ಭಾನುವಾರ ನಿಜವಾದ ಕಾರ್ಯಕ್ರಮ. ಸುಮಾರು ನಲವತ್ತು ಜನರನ್ನು ಕರೆಸುತ್ತಾರೆ, ಪ್ರತಿಯೊಬ್ಬರಿಗೆ ಮೂರು ನಿಮಿಷ. ಒಳ್ಳೆಯ ಏರ್ಪಾಡು. ಅದನ್ನು ಹಾಳುಮಾಡಿದ್ದು ವಿಡಿಯೊ. ಮಾತು ಮುಗಿದ ಹತ್ತೇ ನಿಮಿಷಕ್ಕೆ ಎಲ್ಲರೆದುರು ಟಿವಿಯಲ್ಲಿ ಹಾಕಿ, "ನೋಡಿ, ಇಲ್ಲಿ ಕೈ ಆಡಿಸಿದ್ರಿ" ಎಂದು ತೋರಿಸುತ್ತ ಹೋದರು. ವಿಡಿಯೊ ತೋರಿಸುವುದಕ್ಕೆ ಒಂದು ಕ್ರಮವಿದೆ. ಮೊದಲು "ನೀವು ಹೇಗೆ ಕಾಣುತ್ತೀರಿ ಅಂದುಕೊಂಡಿದ್ದೀರಿ?" ಎಂದು ಕೇಳಿ ಬರೆಸಬೇಕು: ಕೈ ನಡುಗಿತು, ಮುಖ ಕೆಂಪಾಯಿತು, ಐದು ಸಲ ತಡವರಿಸಿದೆ. ಆಮೇಲೆ ಯಾರೋ ಅಪರಿಚಿತರನ್ನು ನೋಡುವಂತೆ ನೋಡಲು ಹೇಳಬೇಕು, ಒಬ್ಬೊಬ್ಬರಿಗೇ. ಆಗ ಬರೆದದ್ದಕ್ಕೂ ಕಂಡದ್ದಕ್ಕೂ ಇರುವ ಅಂತರವೇ ಪಾಠವಾಗುತ್ತದೆ. ಒಳಗಿನ ಗಾಬರಿ ನಾವಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ. 2003ರಲ್ಲಿ ಸಾವಿಟ್ಸ್‌ಕಿ, ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಈ ಮಾತನ್ನು ಮೊದಲೇ ತಿಳಿಸಿ ಕಳಿಸಿದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದ್ದರು. ಕ್ರಮ ತಪ್ಪಿಸಿ, ಸಭೆಯಲ್ಲಿ ಹಾಕಿದ ವಿಡಿಯೊ ಮೂರು ವಾರ ಹೊರಗೆ ತಿರುಗಿಸಿದ ಗಮನವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ವಿಡಿಯೊ ಸಮಯದಲ್ಲಿ ಹೊರಗೆ ಹೋಗುತ್ತೇನೆ, ಫೈಲು ನನಗೆ ಕಳಿಸಿ ಎಂದು ಮೊದಲೇ ಹೇಳಿಡಬಹುದು. ಕೇಳಿದವರಿಗೆ ಕಳಿಸುತ್ತಾರೆ.

ಇನ್ನೊಂದು ಬಿಟ್ಟುಹೋದದ್ದು ನಮಗೆ ನಾವೇ ಹೇಳಿಕೊಳ್ಳುವ ಮಾತಿನ ಬದಲಾವಣೆ. "ಹೆದರಬೇಡ" ಎಂದಷ್ಟೂ ಹೆದರಿಕೆಯೇ ನೆನಪಾಗುತ್ತದೆ. 2014ರಲ್ಲಿ ಹಾರ್ವರ್ಡ್‌ನ ಆ್ಯಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಶಾಂತವಾಗಿರಲು ಯತ್ನಿಸಿದವರಿಗಿಂತ ತಮಗೆ ಉತ್ಸಾಹ ಬಂದಿದೆ ಎಂದು ಹೇಳಿಕೊಂಡವರು ಮೇಲುಗೈ ಸಾಧಿಸಿದರು. ಹೆದರಿಕೆ, ಉತ್ಸಾಹ ಎರಡರಲ್ಲೂ ಎದೆ ಹೊಡೆದುಕೊಳ್ಳುವುದು ಒಂದೇ ಥರ ತಾನೇ. ನಮ್ಮಲ್ಲಿ ಅದಕ್ಕೆ ಸೊಗಸಾದ ಪದವೇ ಇದೆ. "ಹುರುಪು ಬಂದಿದೆ" ಎಂದು ಸೈಡ್‌ವಿಂಗಿನಲ್ಲಿ ಗಟ್ಟಿಯಾಗಿ ಹೇಳಿಕೊಳ್ಳಿ.

ಮಾತ್ರೆಯ ಬಗ್ಗೆಯೂ ಶಿಬಿರದಲ್ಲಿ ಚಕಾರವಿಲ್ಲ, ಬಿಡುವಿನಲ್ಲಿ ಮಾತ್ರ ಪಿಸುಮಾತಿದೆ. ಪ್ರೊಪ್ರನಲಾಲ್ ಎಂಬ ಮಾತ್ರೆ ಎದೆಬಡಿತ, ಕೈನಡುಕ ತಗ್ಗಿಸುವುದು ನಿಜ. ಆಸ್ತಮಾ ಇದ್ದವರಿಗೆ, ನಾಡಿ ನಿಧಾನ ಇದ್ದವರಿಗೆ, ರಕ್ತದೊತ್ತಡ ಕಡಿಮೆ ಇದ್ದವರಿಗೆ ಅದು ಅಪಾಯ ತರಬಹುದು. ಗೆಳೆಯರ ಸ್ಟ್ರಿಪ್ಪಿನಿಂದ ಒಂದು ಕಿತ್ತು ನುಂಗುವ ಸರಕಲ್ಲ, ವೈದ್ಯರು ಬರೆದುಕೊಟ್ಟರೆ ಮಾತ್ರ. ವೇದಿಕೆ ಮಾತ್ರವಲ್ಲ, ಫೋನ್ ಎತ್ತಲು, ಆಫೀಸಿನಲ್ಲಿ ಊಟಕ್ಕೆ ಕೂರಲು ಸಹ ಇದೇ ಭಯವಿದ್ದರೆ ನಾಲ್ಕು ಭಾನುವಾರ ಸಾಲದು, ಆಪ್ತಸಮಾಲೋಚಕರನ್ನು ಕಾಣಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಹಣವಿಲ್ಲದೆ ಮಾತಾಡಬಹುದು, ಕನ್ನಡದಲ್ಲಿಯೂ ಸೇವೆ ಇದೆ.

ಭಾಷಣದ ಅಭ್ಯಾಸಕ್ಕೆಂದೇ ಇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಿಗೆ ಹೋಗಬಾರದೇ ಎಂದು ಕೇಳುವವರಿದ್ದಾರೆ. ಹೋಗಬಹುದು, ಶಿಬಿರದ ನಂತರ. ಅಲ್ಲಿ "ಅ, ಆಂ" ಎಣಿಸಲೆಂದೇ ಒಬ್ಬರು ಇರುತ್ತಾರೆ, ಸಮಯಕ್ಕೆ ಹಸಿರು, ಹಳದಿ, ಕೆಂಪು ಸೂಚನೆ. ಸ್ವಲ್ಪ ಪಳಗಿದವರಿಗೆ ಅದು ಸಾಣೆ. ಬಾಯಿ ತೆರೆಯಲೇ ಹೆದರುವವರಿಗೆ ತನ್ನ "ಆಂ"ಗಳ ಮೇಲೆ ಇನ್ನೊಂದು ಕಾವಲು.

ಐದಕ್ಕೆ ಮೂರೂವರೆ ಅಂಕ. ಮೂರನೇ ಭಾನುವಾರಕ್ಕೆ ಮಾತ್ರ ಕೊಡುವುದಾಗಿದ್ದರೆ ಐದಕ್ಕೆ ಐದು. ಹನ್ನೆರಡು ಗಂಟೆಗೆ 3,200 ರೂಪಾಯಿ ಹೆಚ್ಚಲ್ಲ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಮೊಣಕಾಲು ನೋವಿನವರು ಯೋಚಿಸಿ. ಭಾನುವಾರ ಮಧ್ಯ ರೈಲ್ವೆಯ ಮೆಗಾಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ರೈಲು ಸಂಚಾರದ ಕಡಿತ, ಬೆಳಗಿನ ಹನ್ನೊಂದರ ಸುಮಾರಿಗೆ ಶುರುವಾದರೆ ಮಧ್ಯಾಹ್ನ ನಾಲ್ಕರವರೆಗೂ ಎಳೆಯುವುದುಂಟು, ಶಿಬಿರ ಶುರುವಾಗುವ ವೇಳೆ ಅದರ ನಡುವೆಯೇ ಬರುತ್ತದೆ. ಮಾಟುಂಗದಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ. ಡೊಂಬಿವಲಿ, ಠಾಣೆ ಕಡೆಯವರು ಶನಿವಾರ ರಾತ್ರಿಯೇ ವೇಳೆ ನೋಡಿಕೊಂಡು ಅರ್ಧ ಗಂಟೆ ಮುಂಚೆ ಹೊರಡಬೇಕು. ಸೇತುವೆ ಓಡಿ ಹತ್ತಿ, ಎರಡು ಮಹಡಿ ಏರಿ ಏದುಸಿರಿನಲ್ಲಿ ಬಂದವರನ್ನೇ ನಾಟಕದ ಶಿಕ್ಷಕರು ಮೊದಲು ಮೈಕಿಗೆ ಕರೆಯುತ್ತಾರೆ, ಬೇಕೆಂದೇ. ಮಳೆಗಾಲದಲ್ಲಿ ಕಾಲು ಒರೆಸಲು ಒಂದು ಒಣ ಬಟ್ಟೆ ಚೀಲದಲ್ಲಿರಲಿ, ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಲ್ಲುವುದಿದೆ, ಒದ್ದೆ ಕಾಲು ಜಾರುತ್ತದೆ.